ಕುದುರೆಯ ನಾಲ್ಕು ನಿಮಿಷ

ಆ ಊರಿನಲ್ಲಿ ಒಬ್ಬನಿಗೆ ಬರೀ ನಡೆಯುವುದಕ್ಕೆ ಸಂಬಳ ಕೊಡುತ್ತಿದ್ದರು. ನಗಬೇಡಿ, ಸುಳ್ಳಲ್ಲ. ಸಾರಿಗೆ ಯೋಜನಾ ಕಚೇರಿಯಲ್ಲಿ ಅವನಿಗೆ ಏನೋ ಉದ್ದದ ಹುದ್ದೆಯ ಹೆಸರಿತ್ತು. ಆದರೆ ಬಾಗಿಲು ಕಾಯುವವನಿಂದ ಹಿಡಿದು ಯೋಜನೆಯ ಮುಖ್ಯಸ್ಥೆ ಮೇಡಂವರೆಗೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕುದುರೆ ಎಂದೇ. ರೈಲು ಇಳಿದವರಿಗೆ ಬಸ್ಸು ಹತ್ತಲು ಎಷ್ಟು ಹೊತ್ತು ಬೇಕು? ಇದನ್ನು ತಿಳಿಯಲು ಆ ಕಚೇರಿಯವರಿಗೆ ಗೊತ್ತಿದ್ದದ್ದು ಒಂದೇ ದಾರಿ. ಕುದುರೆಯನ್ನು ಪ್ಲಾಟ್‌ಫಾರ್ಮಿನ ನಡುವೆ ನಿಲ್ಲಿಸಿ, ಗಡಿಯಾರ ಒತ್ತಿ, ನಡಿ ಅನ್ನುವುದು. ಅವನು ಬಸ್ಸಿನ ಬಾಗಿಲು ಮುಟ್ಟಿದ ಕೂಡಲೇ ಇನ್ನೊಮ್ಮೆ ಒತ್ತುವುದು. ಗಡಿಯಾರ ಎಷ್ಟು ತೋರಿಸಿತೋ ಅಷ್ಟು ಹೊತ್ತಿನ ಮೇಲೆ ಬಸ್ಸು ಹೊರಡಬೇಕು ಅಂತ ವೇಳಾಪಟ್ಟಿ ಬರೆಯುತ್ತಿದ್ದರು. ಇಡೀ ಊರು ಅವನ ಕಾಲಿನ ಮೇಲೆ ಓಡಾಡುತ್ತಿತ್ತು ಅನ್ನಿ. ಅದು ಅವನಿಗೂ ಗೊತ್ತಿತ್ತು, ಹಾಗಾಗಿ ನೆಲದ ಮೇಲೆ ಅವನ ಕಾಲು ನಿಲ್ಲುತ್ತಿರಲಿಲ್ಲ.

ಇಂಥವನಿಗೆ ಗಂಟು ಬಿದ್ದದ್ದು ಯಾರು ಅಂದರೆ, ಒಂದು ಕಾಲು ಗಿಡ್ಡ ಇರುವವಳು. ಹುಟ್ಟಿನಿಂದಲೇ ಎಡಗಾಲು ಹಾಗೆ. ಹೆಜ್ಜೆ ಇಟ್ಟಾಗಲೆಲ್ಲ ಸೊಂಟ ಒಂದು ಕಡೆಗೆ ಹೋಗಿ ವಾಪಸ್ಸು ಬರಬೇಕು, ಆಮೇಲೆ ಇನ್ನೊಂದು ಹೆಜ್ಜೆ. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕುವುದು. ಅದಕ್ಕೇ ಜೊತೆಯವರು ಅವಳನ್ನು ತೇಪೆ ಅಂತ ಕರೆಯುತ್ತಿದ್ದರು, ಅವಳಿಗೂ ಆ ಹೆಸರು ಇಷ್ಟವಾಗಿತ್ತು. ಕಿಟಕಿಯ ಪಕ್ಕದಲ್ಲಿ ಒಂದು ಮೇಜು, ಒಂದು ಹೊಲಿಗೆ ಯಂತ್ರ, ಎತ್ತರ ಸರಿಮಾಡಿಕೊಂಡ ಒಂದು ಕುರ್ಚಿ. ಅಲ್ಲಿ ಕೂತರೆ ಅವಳಷ್ಟು ಚುರುಕಿನವಳು ಆ ಶೆಡ್ಡಿನಲ್ಲೇ ಇರಲಿಲ್ಲ. ಕೂತ ಮೇಲೆ ಯಾರ ಕಾಲು ಗಿಡ್ಡ ಅಂತ ಯಾರು ನೋಡುತ್ತಾರೆ?

ಮನೆಯಲ್ಲಿ ಹಾಗಲ್ಲ. "ಹೆಣ್ಣು ನೋಡೋಕೆ ಹೋದಾಗ ಇವಳು ಕೂತಿದ್ದಳು ಕಣ್ರೋ, ಎದ್ದಿದ್ದರೆ ನಾನು ಎದ್ದು ಬರ್ತಿದ್ದೆ" ಅಂತ ಕುದುರೆ ನಾಲ್ಕು ಜನರ ಮುಂದೆ ಹೇಳಿ ನಗಿಸುತ್ತಿದ್ದ. ಇಬ್ಬರೂ ಹೊರಗೆ ಹೊರಟರೆ ಅವನು ಯಾವಾಗಲೂ ಮುಂದೆ. ಬೀದಿಯ ತಿರುವಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಅಂಗಡಿಯವರಿಗೆಲ್ಲ ಕೇಳುವ ಹಾಗೆ, "ಏ ಬಸವನಹುಳು, ಇವತ್ತು ಬರ್ತೀಯೋ, ನಾಳೆ ಬರ್ತೀಯೋ?" ಅನ್ನುತ್ತಿದ್ದ. ಅವಳು ಹತ್ತಿರ ಬರುತ್ತಿದ್ದ ಹಾಗೇ ಮತ್ತೆ ಹೊರಡುತ್ತಿದ್ದ. ಅವನಿಗೆ ನಿಂತು ದಣಿವಾರಿರುತ್ತಿತ್ತು, ಅವಳಿಗೆ ಇಲ್ಲ. ಮದುವೆಯಾದಾಗಿನಿಂದ ಅವಳು ಗಂಡನ ಬೆನ್ನು ನೋಡಿದಷ್ಟು ಮುಖ ನೋಡಿರಲಿಲ್ಲ.

ಕೆಲಸಕ್ಕೆ ಹೋಗಲು ಅವಳಿಗೊಂದು ಬಸ್ಸಿತ್ತು. ಗಲ್ಲಿಯ ಬಾಯಲ್ಲಿ ಹತ್ತಿದರೆ ಲಾಂಡ್ರಿಯ ಗೇಟಿನ ಮುಂದೆಯೇ ಇಳಿಸುತ್ತಿತ್ತು. ಸಂತೆ ಬೀದಿ, ಶಾಲೆ, ಕೋರ್ಟು ಎಲ್ಲ ಸುತ್ತಿಕೊಂಡು ಆಕಳಿಸುತ್ತ ಹೋಗುತ್ತಿದ್ದ ಅದಕ್ಕೆ ಜನ ಸೋಮಾರಿ ಬಸ್ಸು ಅಂತಲೇ ಹೆಸರಿಟ್ಟಿದ್ದರು. ಸೋಮಾರಿಯಾದರೇನು, ಸೀಟು ಸಿಗುತ್ತಿತ್ತು.

ಅಷ್ಟರಲ್ಲಿ ಊರು ಬೆಳೆಯಿತು. ಬೆಳೆದ ಮಗನಿಗೆ ಹಳೇ ಅಂಗಿ ತೊಡಿಸಿದ ಹಾಗೆ, ರಸ್ತೆಗಳು ಎಲ್ಲೆಂದರಲ್ಲಿ ಬಿಗಿದುಕೊಂಡವು. ಆಗ ಮೇಡಂ ಗೋಡೆ ತುಂಬ ನಕ್ಷೆ ಅಂಟಿಸಿಕೊಂಡು ಕೂತು ಹೊಸ ಯೋಜನೆ ಮಾಡಿದರು. ಊರಿನ ಉದ್ದಕ್ಕೂ ರೈಲು. ರೈಲಿನಿಂದ ಆಚೀಚೆಗೆ ಮಾತ್ರ ಬಸ್ಸು. ರೈಲು ಹೋಗುವ ದಾರಿಯಲ್ಲೇ ಬಸ್ಸೂ ಹೋಗುವುದು ದಂಡ, ಅಂಥವನ್ನೆಲ್ಲ ತೆಗೆದುಹಾಕಿ. ಎಲ್ಲದಕ್ಕೂ ಒಂದೇ ಟಿಕೆಟ್ಟು. ಊರಿನ ಯಾವ ಮೂಲೆಯಿಂದ ಯಾವ ಮೂಲೆಗಾದರೂ ಒಂದೇ ಗಂಟೆ. ಈ 'ಒಂದೇ ಗಂಟೆ' ಅನ್ನುವುದನ್ನು ಊರಿನ ಗೋಡೆಗಳ ಮೇಲೆಲ್ಲ ಆಳೆತ್ತರಕ್ಕೆ ಬರೆಸಿಯೂ ಆಯಿತು. ಬರೆಸಿದ ಮೇಲೆ ಲೆಕ್ಕ ನೋಡಿದರೆ, ದೊಡ್ಡ ಜಂಕ್ಷನ್ನಿನಲ್ಲಿ ರೈಲಿನಿಂದ ಬಸ್ಸಿಗೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಆರು ಕೊಟ್ಟರೆ ಪ್ರತಿ ಬಸ್ಸೂ ತಡ, ತಡವಾದರೆ ಇನ್ನಷ್ಟು ಬಸ್ಸು ಬೇಕು, ಗೋಡೆಯ ಮೇಲಿನ ಒಂದು ಗಂಟೆ ಎಕ್ಕುಟ್ಟಿ ಹೋಗುತ್ತದೆ. ಜಂಕ್ಷನ್ನಿನಲ್ಲೋ ಹತ್ತುವ ಮೆಟ್ಟಿಲು, ಉದ್ದದ ಸೇತುವೆ, ಇಳಿಯುವ ಮೆಟ್ಟಿಲು, ಆಮೇಲೆ ಬಸ್ಸು. ಲಿಫ್ಟಿಗೆಂದು ಬಿಟ್ಟ ಗುಂಡಿಗೆ ಹಲಗೆ ಹೊಡೆದಿದ್ದರು.

ಸೋಮಾರಿ ಬಸ್ಸು ನಿಂತುಹೋಗುತ್ತದೆ ಅಂತ ತೇಪೆಗೆ ಗೊತ್ತಾದದ್ದು ಗಂಡ ಊಟಕ್ಕೆ ಕೂತಾಗ, ತುತ್ತಿನ ನಡುವೆ.

"ಹಾಗಾದ್ರೆ ನಾನು ಹೇಗ್ರೀ ಹೋಗೋದು?"

"ಎಲ್ಲರೂ ಹೋಗೋ ಹಾಗೆ. ರೈಲು ಇಳಿ, ಸೇತುವೆ ದಾಟು, ಬಸ್ಸು ಹತ್ತು. ನಾಲ್ಕು ನಿಮಿಷ."

"ಯಾರ ನಾಲ್ಕು ನಿಮಿಷ? ನಿಮ್ಮದಾ, ನನ್ನದಾ?"

ಅವನು ಇನ್ನೊಂದು ತುತ್ತು ಕಲಸಿದ. ಅವಳು ಬಿಡಲಿಲ್ಲ. ಅವಳದು ಬೆಳಗಿನ ಪಾಳಿ, ದಿನದ ಮೊದಲ ರೈಲೇ ಅವಳ ರೈಲು, ಅದಕ್ಕಿಂತ ಮುಂಚೆ ಹೋಗೋಣವೆಂದರೆ ರೈಲೇ ಇಲ್ಲ. ಆ ಬಸ್ಸು ತಪ್ಪಿದರೆ ಮುಂದಿನದು ಲಾಂಡ್ರಿಯ ಗಂಟೆ ಹೊಡೆದ ಮೇಲೆ. ಗೇಟು ಮುಚ್ಚಿದರೆ ಮುಗಿಯಿತು, ತಡವಾಗಿ ಬರುವವರನ್ನು ಆ ಲಾಂಡ್ರಿಯವರು ತಲೆ ಮೇಲೆ ಕೂರಿಸಿಕೊಳ್ಳುವುದಿಲ್ಲ. "ನೋಡ್ರೀ, ನಾನು ಈವರೆಗೆ ನಿಮ್ಮನ್ನ ಒಂದೂ ಕೇಳಿಲ್ಲ. ನೀವು ಅಳತೆಗೆ ನಡೀವಾಗ ಒಂದೇ ಒಂದು ಸಲ ನಿಧಾನವಾಗಿ ನಡೀರಿ. ನಿಮಗೇನು ನಷ್ಟ? ಕಾಲು ನೋವು ಅಂದುಬಿಡಿ. ನನ್ನ ಮೇಜು ಹೋದ್ರೆ ನನಗೆ ಬೇರೇನಿದೆ ಹೇಳಿ" ಅಂತ ಗೋಗರೆದಳು. ಗೋಗರೆಯುವುದು ಅವಳ ಜಾಯಮಾನವಲ್ಲ. ಅವನಿಗೂ ಯಾಕೋ ಕರುಳು ಚುರುಕ್ ಅಂದಿರಬೇಕು. "ಆಯ್ತು ಕಣೆ, ಅಳಬೇಡ. ನಿನ್ನನ್ನ ನೆನೆಸ್ಕೊಂಡು ನಡೀತೀನಿ, ಸಾಕಾ?" ಅಂದ. ಆವತ್ತು ಅವಳು ಅವನಿಗೆ ಇನ್ನೊಂದು ಸಲ ಬಡಿಸಿದಳು.

ಅಳತೆಯ ದಿನ ಅವನು ಏನು ಮಾಡಿದ ಅಂದುಕೊಂಡಿರಿ? ಅಷ್ಟು ದೊಡ್ಡ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಸೇತುವೆಯ ಮೇಲೆ ಜನ ಸರಿದು ದಾರಿ ಬಿಟ್ಟರು. ಬಸ್ಸಿನ ಬಾಗಿಲು ಮುಟ್ಟಿದಾಗ ನಾಲ್ಕು ನಿಮಿಷ ಇನ್ನೂ ತುಂಬಿರಲಿಲ್ಲ. ಕಚೇರಿಯವರು ಅವನನ್ನು ಹೆಗಲ ಮೇಲೆ ಎತ್ತಿಕೊಳ್ಳುವುದೊಂದು ಬಾಕಿ.

ಸಂಜೆ ಅವನು ಬಂದಾಗ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ತೇಪೆ ಬಾಗಿಲಲ್ಲೇ ನಿಂತಿದ್ದಳು. "ಮಾತು ಕೊಟ್ಟಿದ್ರಲ್ಲ" ಅಂದಳು. ಅವನು ಚಪ್ಪಲಿ ಬಿಡುತ್ತ, "ಅಷ್ಟು ಜನರ ಮುಂದೆ ಕುಂಟೋಕೆ ನಾನೇನು ನೀನಾ?" ಅಂದ. ಹೇಳಿದ ಮೇಲೆ ಅವನಿಗೇ ಒಂಥರಾ ಆಯಿತೋ ಏನೋ, ಒಳಗೆ ಹೋಗಿ ಸುಮ್ಮನೆ ಮಲಗಿಬಿಟ್ಟ. ಆದರೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ, ಕೊಟ್ಟ ಮಾತನ್ನು ಮಾತ್ರ ತೆಗೆದುಕೊಂಡ.

ಸೋಮಾರಿ ಬಸ್ಸಿಗೆ ಎಳ್ಳುನೀರು ಬಿಟ್ಟರು. ಹೊಸ ವ್ಯವಸ್ಥೆ ಶುರುವಾಯಿತು. ಶುರುವಾದ ದಿನ ಮೇಡಂ ಹೂವಿನ ಗುಚ್ಛ ಹಿಡಿದು ಜಂಕ್ಷನ್ನಿನಲ್ಲಿ ನಿಂತಿದ್ದರು, ಜನ ಅವರನ್ನು ತಳ್ಳಿಕೊಂಡು ಓಡಿದರು. ತೇಪೆ ಸೇತುವೆಯ ನಡುವೆ ಇರುವಾಗಲೇ ಕೆಳಗೆ ಅವಳ ಬಸ್ಸು ಬಾಗಿಲು ಮುಚ್ಚಿಕೊಂಡು ಹೊರಟಿತು. ಮಾರನೇ ದಿನವೂ ಅಷ್ಟೇ. ಕೈಗೆ ಸಿಕ್ಕವರ ತೋಳು ಹಿಡಿದಳು, ಬಯ್ಯಿಸಿಕೊಂಡಳು, ಮೆಟ್ಟಿಲ ಮೇಲೆ ಕೂತು ಜಾರಿದಳು, ಏನು ಮಾಡಿದರೂ ಬಸ್ಸಿನ ಹಿಂಭಾಗ ಮಾತ್ರ. ಲಾಂಡ್ರಿಯ ಮೇಸ್ತ್ರಿ ಕೆಟ್ಟವನೇನಲ್ಲ, ಕೆಲವು ದಿನ ಕಣ್ಣು ಮುಚ್ಚಿಕೊಂಡ. ಆಮೇಲೆ, "ಮೇಜು ಹಾಗೇ ಇಟ್ಟಿರ್ತೀನಮ್ಮ, ಯಾರಿಗೂ ಕೊಡಲ್ಲ. ಗಂಟೆಗೆ ಮುಂಚೆ ಬರೋಕಾದಾಗ ಬಾ" ಅಂದು ಗೇಟು ಹಾಕಿದ.

ಬಸ್ಸು ತಪ್ಪುತ್ತಿದ್ದದ್ದು ಅವಳೊಬ್ಬಳಿಗೇ ಅಲ್ಲ. ವಯಸ್ಸಾದವರು, ಬಸುರಿಯರು, ಮಗು ಎತ್ತಿಕೊಂಡವರು, ಮೂಟೆ ಹೊತ್ತವರು, ಯಾರೂ ಕುದುರೆಗಳಾಗಿರಲಿಲ್ಲ. ಲಾಂಡ್ರಿಯಲ್ಲೇ ಇಸ್ತ್ರಿ ಹಾಕುವ ಅಕ್ಕ ಒಬ್ಬಳಿದ್ದಳು, ಮಂಡಿ ನೋವಿನವಳು, ಬಾಯಿ ಮಾತ್ರ ಗಟ್ಟಿ. ಅವಳು ಜನ ಸೇರಿಸಿದಳು, ಕೂಗಾಡಿದಳು, ಪತ್ರಿಕೆಯವರನ್ನು ಕರೆಸಿದಳು. ಮೆಟ್ಟಿಲ ಮೇಲೆ ಓಡುತ್ತ ಬಿದ್ದು ಒಬ್ಬ ಮುದುಕನ ಸೊಂಟ ಮುರಿದ ಮೇಲಂತೂ ಸರ್ಕಾರಕ್ಕೂ ತಡೆಯಲಾಗಲಿಲ್ಲ. ವಿಚಾರಣೆಗೆ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ನೇಮಿಸಿದರು.

ನ್ಯಾಯಾಧೀಶರು ಸೀದಾ ಮನುಷ್ಯ. "ಕುದುರೆ ನಡಿಗೆ ಬೇಡ. ಯಾರಾದರೂ ಮನುಷ್ಯರು ನಡೆದು ತೋರಿಸಲಿ" ಅಂದರು.

ಆಗ ಮೇಡಂ ಎದ್ದು ನಿಂತು ಹೇಳಿದ ಮಾತು ಕೇಳಿ ಕಚೇರಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. "ಕುದುರೆಯ ಹೆಂಡತಿಯೇ ನಡೆಯಲಿ ಸ್ವಾಮಿ. ಅವಳ ಕಾಲು ಹೇಗಿದೆ ಅಂತ ಊರಿಗೇ ಗೊತ್ತು. ಅವಳ ಕೈಲಿ ನಾಲ್ಕು ನಿಮಿಷದಲ್ಲಿ ಆಗದಿದ್ದರೆ ನಾಳೆಯೇ ಆರು ನಿಮಿಷ ಮಾಡಿ ಸಹಿ ಹಾಕ್ತೀನಿ. ಆಗಿಬಿಟ್ಟರೆ, ಆಮೇಲೆ ಯಾರೂ ಮಾತಾಡಬಾರದು." ಮೇಡಂಗೆ ತಲೆ ಕೆಟ್ಟಿದೆ ಅಂತ ಕುದುರೆ ಮನೆಗೆ ಬಂದು ತಲೆ ಚಚ್ಚಿಕೊಂಡ. ತನ್ನ ಅಳತೆ ಸುಳ್ಳಾಗುತ್ತದೆ, ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತದೆ. "ಸ್ವಲ್ಪ ಬೇಗ ಬೇಗ ಕಾಲು ಹಾಕೆ, ಏನಾದ್ರೂ ಮಾಡು, ನಿನ್ನ ದಮ್ಮಯ್ಯ" ಅಂದ. ತೇಪೆ ಹಾಸುಬಟ್ಟೆ ಮಡಿಸುತ್ತ, "ನಾನು ಬಸವನಹುಳು ಅಲ್ವೇನ್ರೀ?" ಅಂದಳು. ಆ ಮಾತು ನಾಲಗೆಯ ಮೇಲೆ ಎಷ್ಟು ಸಿಹಿಯಾಗಿತ್ತು ಅಂದರೆ ಇನ್ನೊಂದು ಸಲ ಹೇಳಿದಳು.

ಮಾರನೇ ದಿನ ಇಸ್ತ್ರಿ ಅಕ್ಕ ಲಾಂಡ್ರಿಯ ಹೆಂಗಸರನ್ನು ಕಟ್ಟಿಕೊಂಡು ಮನೆಗೇ ಬಂದಳು. ತೇಪೆಯ ಗಲ್ಲ ಸವರಿದಳು. "ನೀನು ಮೋಸ ಮಾಡಬೇಕಾಗಿಲ್ಲ, ಸುಳ್ಳು ಹೇಳಬೇಕಾಗಿಲ್ಲ. ನೀನು ದಿನಾ ಹೇಗೆ ನಡೀತೀಯೋ ಹಾಗೆ ನಡಿ ಸಾಕು. ನಮ್ಮೆಲ್ಲರ ಹೊಟ್ಟೆ ತಣ್ಣಗಿರುತ್ತೆ. ನಿನ್ನ ಮೇಜು ನಿನಗೆ ಸಿಗುತ್ತೆ." ತೇಪೆ ಅವಳ ಸುಟ್ಟ ಗಾಯಗಳ ಕೈ ಹಿಡಿದುಕೊಂಡು, "ಅಕ್ಕಾ, ನಾನು ಕುಂಟಿಯಾಗಿ ಹುಟ್ಟಿದ್ದು ಇದಕ್ಕೇ ಇರಬೇಕು. ಮಾತು ಕೊಡ್ತೀನಿ" ಅಂದಳು. ಎಲ್ಲರೂ ನಕ್ಕರು, ಒಬ್ಬಿಬ್ಬರು ಅತ್ತರು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ಯಾರೂ ನೋಡಿರಲಿಲ್ಲ.

ಆ ದಿನ ಜಂಕ್ಷನ್ನಿನಲ್ಲಿ ಜಾತ್ರೆಯಷ್ಟು ಜನ. ಪ್ಲಾಟ್‌ಫಾರ್ಮಿನ ಮೇಲೆ ನ್ಯಾಯಾಧೀಶರು, ಕಚೇರಿಯವರು, ಕ್ಯಾಮೆರಾದವರು. ಸೇತುವೆಯ ಎರಡೂ ಕಡೆ ಲಾಂಡ್ರಿಯ ಹೆಂಗಸರು. ಕುದುರೆ ದೂರದಲ್ಲಿ ಒಂದು ಕಂಬಕ್ಕೆ ಆತು, ಇವಳು ಯಾರೋ ಏನೋ ಅನ್ನುವ ಮುಖ ಮಾಡಿಕೊಂಡು ನಿಂತಿದ್ದ. ತೇಪೆಗೆ ಅದರಿಂದ ಬೇಜಾರಾಗಲಿಲ್ಲ, ನಗು ಬಂತು. ನೋಡ್ತಾ ಇರು, ನಿನ್ನ ನಾಲ್ಕು ನಿಮಿಷಕ್ಕೆ ಇವತ್ತು ಏನು ಗತಿ ಕಾಣಿಸ್ತೀನಿ ಅಂದುಕೊಂಡಳು.

ಮೇಡಂ ಹತ್ತಿರ ಬಂದು ಅವಳ ಬೆನ್ನು ತಟ್ಟಿದರು. ಎಲ್ಲರಿಗೂ ಕೇಳುವ ಹಾಗೆ, ಮಗುವಿಗೆ ಹೇಳುವ ದನಿಯಲ್ಲಿ, "ನಿಧಾನ ಕಣಮ್ಮ. ನಿನ್ನ ಕೈಲಾಗಲ್ಲ ಅಂತ ನಮಗೆಲ್ಲ ಗೊತ್ತು. ಸುಮ್ನೆ ಶಾಸ್ತ್ರಕ್ಕೆ ನಡೆದುಬಿಡು. ಸೇತುವೆ ನಡುವೆ ಒಂದು ಕುರ್ಚಿ ಹಾಕಿಸಿದ್ದೀನಿ, ಸುಸ್ತಾದ್ರೆ ಕೂತ್ಕೊ" ಅಂದರು. ಕ್ಯಾಮೆರಾದವರು ಅಯ್ಯೋ ಪಾಪ ಅಂದರು. ತೇಪೆಗೆ ಕಿವಿ ಬಿಸಿಯಾಯಿತು. ಆದರೂ ಹಲ್ಲು ಕಚ್ಚಿಕೊಂಡಳು, ಕೊಟ್ಟ ಮಾತು ನೆನಪಿತ್ತು.

ಕೆಲಸ ಕೆಡಿಸಿದ್ದು ಇಸ್ತ್ರಿ ಅಕ್ಕ, ಅದೂ ಪ್ರೀತಿಯಿಂದ. ನ್ಯಾಯಾಧೀಶರ ಮನಸ್ಸು ಕರಗಲಿ ಅಂತ ನುಗ್ಗಿ ಬಂದು, "ನೋಡಿ ಸ್ವಾಮಿ, ನೀವೇ ಕಣ್ಣಾರೆ ನೋಡಿ, ಇದು ನಡೆಯೋ ಕಾಲಾ?" ಅಂತ ತೇಪೆಯ ಬಟ್ಟೆಯನ್ನು ಮಂಡಿಯವರೆಗೆ ಎತ್ತಿಬಿಟ್ಟಳು.

ಅಷ್ಟು ಜನರ ಮುಂದೆ ಆ ಕಾಲು ಬಿಸಿಲಿಗೆ ಬಂತು. ತೆಳ್ಳಗೆ, ಬಿಳುಚಿಕೊಂಡು, ಪಾದ ಒಳಗೆ ತಿರುಗಿ. ಗಂಡನಿಗೂ ಅವಳು ಅದನ್ನು ದೀಪದ ಬೆಳಕಿನಲ್ಲಿ ತೋರಿಸಿರಲಿಲ್ಲ. ನ್ಯಾಯಾಧೀಶರು ಮುಖ ಆಚೆ ತಿರುಗಿಸಿಕೊಂಡು, "ಸಾಕು, ಸಾಕಮ್ಮ, ಮುಚ್ಚಿ" ಅಂದರು. ಕಂಬದ ಹತ್ತಿರ ಕುದುರೆ ತಲೆ ತಗ್ಗಿಸಿದ್ದನ್ನು ಅವಳು ನೋಡಿದಳು. ಗಡಿಯಾರ ಒತ್ತಿದರು.

ಮೊದಲ ಮೆಟ್ಟಿಲುಗಳನ್ನು ಅವಳು ಎಂದಿನ ಹಾಗೇ ಹತ್ತಿದಳು, ಸುಳ್ಳು ಯಾಕೆ ಹೇಳಲಿ. ಸೇತುವೆಗೆ ಕಾಲಿಟ್ಟಾಗ ಆ ಕುರ್ಚಿ ಕಾಣಿಸಿತು. ಮೇಲೊಂದು ದಿಂಬು ಬೇರೆ ಇಟ್ಟಿದ್ದರು. ಪಕ್ಕದಲ್ಲಿ ನೀರಿನ ಲೋಟ ಹಿಡಿದ ಕಚೇರಿಯವಳೊಬ್ಬಳು ಈಗಲೇ ಕೈ ಚಾಚಿ ನಿಂತಿದ್ದಳು, ಬೀಳುವವಳನ್ನು ಹಿಡಿಯಲು. ಎರಡೂ ಕಡೆಯ ಹೆಂಗಸರು, ತನ್ನ ಹೆಂಗಸರೇ, "ಕೂತ್ಕೊಳ್ಳೆ, ಪಾಪ, ಕೂತ್ಕೊ" ಅನ್ನುತ್ತಿದ್ದರು. ತೇಪೆಯ ಒಳಗೆ ಏನೋ ಕಿತ್ತುಕೊಂಡಿತು. ಥೂ ನಿಮ್ಮ, ಯಾರಿಗೆ ಬೇಕು ನಿಮ್ಮ ಪಾಪ ಅಂದುಕೊಂಡಳು. ಕಟಕಟ ಹಲ್ಲು ಕಡಿದು ಗಿಡ್ಡ ಕಾಲನ್ನು ಎತ್ತಿ ಮುಂದಕ್ಕೆ ಎಸೆದಳು. ಇನ್ನೊಂದು ಸಲ ಎಸೆದಳು. ಸೊಂಟದ ಕೀಲಿನಲ್ಲಿ ಬೆಂಕಿ ಹತ್ತಿತು. ಕುರ್ಚಿ ಹಿಂದೆ ಹೋಯಿತು.

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಹುಟ್ಟಿದಾಗಿನಿಂದ ಅವಳ ನಡಿಗೆಗೆ ಜನ ನಕ್ಕಿದ್ದರು, ಮರುಗಿದ್ದರು. ಚಪ್ಪಾಳೆ ಯಾರೂ ತಟ್ಟಿರಲಿಲ್ಲ. "ಏ ತೇಪೆ, ಏನ್ ಮಾಡ್ತಿದ್ದೀಯೆ? ನಿಧಾನ! ನಿಧಾನ ಕಣೆ!" ಅಂತ ಇಸ್ತ್ರಿ ಅಕ್ಕ ಹಿಂದಿನಿಂದ ಕಿರುಚಿದಳು. ಆ ದನಿಯೂ ಅವಳಿಗೆ ಬಸವನಹುಳು ಅಂದ ಹಾಗೇ ಕೇಳಿಸಿತು. ಇಳಿಯುವ ಮೆಟ್ಟಿಲಿನಲ್ಲಿ ಕಂಬಿಗೆ ಎರಡೂ ಕೈ ಕೊಟ್ಟು ಇಡೀ ಮೈ ಜಾರಿಸಿದಳು. ಒಳಗೆ ಏನೋ ಕಟಕ್ಕೆಂದಿತು. ಅದನ್ನೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಬಸ್ಸಿನ ಬಾಗಿಲಿಗೆ ಕೈ ಬಡಿದಾಗ ನಾಲ್ಕು ನಿಮಿಷ ಇನ್ನೂ ತುಂಬಿರಲಿಲ್ಲ.

ನ್ಯಾಯಾಧೀಶರು ಕಣ್ಣೊರೆಸಿಕೊಂಡರು. ಇಂಥ ಛಲ ನಾನು ನೋಡಿಲ್ಲ ಅಂದರು. ವಿಚಾರಣೆ ಅಲ್ಲಿಗೆ ಮುಗಿಯಿತು. ನೂಕುನುಗ್ಗಲಿನಲ್ಲಿ ಇಸ್ತ್ರಿ ಅಕ್ಕ ಹೇಗೋ ಹತ್ತಿರ ಬಂದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಾರಿಗೋಸ್ಕರ ನಡೆದೆ?" ಅಂತ ಕೇಳಿದಳು, ಉತ್ತರಕ್ಕೆ ಕಾಯದೆ ಮಂಡಿ ಹಿಡಿದುಕೊಂಡು ಹೊರಟುಹೋದಳು.

ಮೇಡಂ ತಾವೇ ನೀರು ಕುಡಿಸಿದರು. ಒಳ್ಳೇ ಹುಮ್ಮಸ್ಸಿನಲ್ಲಿದ್ದರು. "ನೀವಿಬ್ಬರೂ ಒಂದೇ ಲಾಯದವರು ಬಿಡು" ಅಂದರು ಮೆಲ್ಲಗೆ, ನಗುತ್ತ. "ಆವತ್ತು ಅಳತೆಗೆ ಮುಂಚೆ ನಿನ್ನ ಗಂಡ ಕಾಲು ನೋವು ಅಂತ ರಾಗ ಎಳೆದ. 'ಪಾಪ, ಕುದುರೆಗೆ ವಯಸ್ಸಾಯ್ತು, ಬೇರೆಯವರನ್ನ ನೋಡೋಣ' ಅಂದೆ, ಅಷ್ಟೇ. ನಿನಗೆ ಒಂದು ಕುರ್ಚಿ ಸಾಕಾಯ್ತು."

ಮನೆಗೆ ಹೋಗುವಾಗ ಕುದುರೆ ಅವಳ ಪಕ್ಕದಲ್ಲೇ ನಡೆದ. ತೋಳು ಕೊಟ್ಟ. ಬೀದಿಯ ತಿರುವಿನಲ್ಲಿ ಅಂಗಡಿಯವರನ್ನು ಕರೆದು ಕರೆದು, "ನನ್ನ ಹೆಂಡತಿ ಕಣ್ರೋ! ನನ್ನ ಹೊತ್ತಿಗೆ ನಡೆದಳು!" ಅಂದ. ಇಷ್ಟು ವರ್ಷ ಅವಳು ಬಯಸಿದ್ದು ಇದನ್ನೇ. ಬಯಸಿದ್ದು ಸಿಕ್ಕಿತು, ಬಾಯಿಗೆ ಮಾತ್ರ ರುಚಿಯಿಲ್ಲ. ಮನೆಯ ಮೆಟ್ಟಿಲು ಅವಳಿಗೆ ಹತ್ತಲಾಗದೆ, ಅವನೇ ಎತ್ತಿಕೊಂಡು ಒಳಗೆ ಹೋದ. ಸೊಂಟದ ಕೀಲು ಸರಿದಿದೆ, ಇನ್ನು ಮೊದಲಿನಷ್ಟೂ ನಡೆಯುವುದು ಕಷ್ಟ ಅಂತ ವೈದ್ಯರು ಹೇಳಿದ್ದು ಆಮೇಲೆ.

ಲಾಂಡ್ರಿಯ ಮೇಸ್ತ್ರಿ ಹೇಳಿ ಕಳಿಸಿದ: ಟಿವಿಯಲ್ಲಿ ನೋಡಿದೆ, ಭಲೇ, ಇನ್ನೇನು ತೊಂದರೆ, ಕೆಲಸಕ್ಕೆ ಬಾ. ಮೇಜು ಹಾಗೇ ಇದೆ.

ಎದ್ದು ನಿಲ್ಲುವ ಹಾಗಾದ ಕೂಡಲೇ ಅವಳು ಹೊರಟಳು, ಕಂಕುಳಲ್ಲಿ ಒಂದು ಊರುಗೋಲು, ತಲೆಯ ಮೇಲೆ ಹೊದ್ದ ಬಟ್ಟೆ. ಮೊದಲ ರೈಲು. ಜಂಕ್ಷನ್ನಿನಲ್ಲಿ ಬಾಗಿಲು ತೆರೆದದ್ದೇ ತಡ, ಜನ ಕಟ್ಟೆಯೊಡೆದ ನೀರಿನ ಹಾಗೆ ನುಗ್ಗಿದರು. ಗೋಡೆಯ ಮೇಲೆ ಅವಳದೇ ಚಿತ್ರ, ಆಳೆತ್ತರ, ಬಸ್ಸಿನ ಬಾಗಿಲಿಗೆ ಕೈ ಬಡಿಯುತ್ತಿರುವುದು. ಕೆಳಗೆ 'ಇವರಿಗೆ ಸಾಕಾದದ್ದು ನಿಮಗೂ ಸಾಕು' ಅಂತ ಬರೆಸಿದ್ದರು. ಅವಳು ಮೆಟ್ಟಿಲ ಬುಡಕ್ಕೆ ಬಂದು ಕಂಬಿ ಹಿಡಿದಳು. ಕಾಲು ಎತ್ತಿದಳು, ಏಳಲಿಲ್ಲ. ಮುಂದೆ, ಮೆಟ್ಟಿಲ ನಡುವೆ, ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ಹತ್ತುತ್ತಿದ್ದ ಇಸ್ತ್ರಿ ಅಕ್ಕನ ಬೆನ್ನು ಕಾಣಿಸಿತು.

ಹಿಂದೆ ಜನ ಕಟ್ಟಿಕೊಂಡರು. ಗಂಟು ಹೊತ್ತ ಒಬ್ಬ ಹೆಂಗಸು, ತಾನೂ ಬಸ್ಸು ತಪ್ಪಿಸಿಕೊಳ್ಳುವ ಭಯದಲ್ಲಿ, ಅವಳ ಬೆನ್ನಿಗೆ ಮೊಣಕೈ ಕೊಟ್ಟು ತಳ್ಳಿದಳು.

"ನಡೀಯಮ್ಮಾ ಬೇಗ! ಆ ಕುಂಟಿ ಮುಂಡೇನೇ ನಾಲ್ಕು ನಿಮಿಷದಲ್ಲಿ ನಡೆದಳಂತೆ, ನಿನಗೇನು ಬಂದಿರೋದು ರೋಗ?"

ತೇಪೆ ಕಂಬಿ ಬಿಟ್ಟು, ದಾರಿ ಬಿಟ್ಟು, ಗೋಡೆಯ ಪಕ್ಕಕ್ಕೆ ಸರಿದು ನಿಂತಳು.